ಜೋರಾಪುರ ಪೇಟೆಯವರು ಹೇಳಿದ್ದು

ಶೋಭಾ, ವಿಜಯಪುರದ ಜೋರಾಪುರ ಪೇಟೆಯವರು ನಿನ್ನನ್ನು ಬೇಡ ಅನ್ನಲಿಲ್ಲ. ಬೇಡ ಅಂದವಳು ನಾನು — ನಿನ್ನ ಹೆತ್ತ ತಾಯಿ.

ನೀನು ಪಿಯುಸಿ ಪಾಸಾದ ವರ್ಷ ಅದು. ನಿನ್ನಪ್ಪ ಕರೆಸಿದ್ದ ಗಂಡಿನವರು ಟಿಕೋಟಾದ ನಮ್ಮ ಮನೆಗೆ ಬಂದು, ನಿನ್ನನ್ನು ನೋಡಿ, ಅವಲಕ್ಕಿ ತಿಂದು ಹೋಗಿದ್ದರು. ಆ ವಾರವೇ ಹುಡುಗನ ತಾಯಿ ಒಬ್ಬರೇ ಮತ್ತೆ ಬಂದರು. ನೀನೂ ನಿನ್ನಪ್ಪನೂ ಹೊಲದಲ್ಲಿದ್ದಿರಿ.

“ಹುಡುಗಿ ನಮಗ ಪಸಂದ್ ಅದಾಳ್ರಿ. ಮುಂದ ಕಲೀತೀನಿ ಅಂದ್ರ ನಾವ ಕಾಲೇಜಿಗೆ ಕಳಸ್ತೀವಿ,” ಅಂದರು.

ನಾನು ಅವರ ಮುಖ ನೋಡದೆ ಹೇಳಿದೆ — “ತಪ್ಪು ತಿಳೀಬ್ಯಾಡ್ರಿ. ಆಕೀನ್ನ ಹುಟ್ಟಿದಾಗ ನನ್ನ ತಮ್ಮಗ ಅಂತ ಇಟ್ಟೀವಿ.”

ನಮ್ಮ ಕಡೆ ಸೋದರಮಾವನ ಹೆಸರು ಬಂದ ಮೇಲೆ ಯಾರೂ ಎರಡನೇ ಮಾತು ಆಡುವುದಿಲ್ಲ. ಅವರು ಕುಂಕುಮ ಹಚ್ಚಿಸಿಕೊಂಡು ಎದ್ದರು. ಹಾಗೆ ಇಟ್ಟಿದ್ದೆವೇ? ಇಲ್ಲ. ಬಬಲೇಶ್ವರದ ನನ್ನ ತವರಿಗೆ ಯಾರೋ ಸೊಸೆಯಾಗಿ ಬಂದರೆ ಅಲ್ಲಿ ನನ್ನನ್ನು ಕೇಳುವವರಿಲ್ಲ ಎಂಬ ಭಯ — ಅಷ್ಟೇ. ಹೊಲದಿಂದ ಬಂದ ನಿನಗೂ ನಿನ್ನಪ್ಪನಿಗೂ, “ಅವ್ರಿಗೆ ಹುಡುಗಿ ಮನಸಿಗೆ ಬರಲಿಲ್ಲಂತ” ಎಂದುಬಿಟ್ಟೆ. ನೀನು ಒಳಗೆ ಹೋಗಿ ಕನ್ನಡಿ ಮುಂದೆ ನಿಂತೆ. ಅದನ್ನು ನೋಡಿಯೂ ನಾನು —

ನಿನ್ನನ್ನು ಕಟ್ಟಿಕೊಂಡ ನನ್ನ ತಮ್ಮ ಮಲ್ಲಪ್ಪ ಕೆಟ್ಟವನಲ್ಲ, ನಿನ್ನನ್ನು ಬೈದವನೂ ಅಲ್ಲ. ಆದರೆ ನೀನು ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಗಂಡಹೆಂಡತಿ ಇಬ್ಬರೂ ಮಂದಿಯ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುತ್ತೀರಿ. ನಿನ್ನ ಬದಲು ಆ ಮನೆ ಸೇರಿದ ಹುಡುಗಿಯನ್ನು ಅವರು ಕಲಿಸಿದರು, ಟೀಚರಾದಳು. ಅವಳ ಮಗಳು ಈಗ ಡಾಕ್ಟರಿಕೆ ಓದುತ್ತಿದ್ದಾಳಂತೆ. ವಿಜಯಪುರಕ್ಕೆ ಹೋದಾಗ ನಾನು ಆ ಓಣಿ ತಪ್ಪಿಸಿ ನಡೆಯುತ್ತೇನೆ. ಸುತ್ತಿ ಸುತ್ತಿ ಸಾಕಾಗಿದೆ, ಮಗಳೇ.

ಇದು ನನ್ನ ಜೊತೆಗೇ ಮಣ್ಣಾಗಲಿ ಎಂದುಕೊಂಡಿದ್ದೆ. ಆದರೆ ಮೊನ್ನೆ ನೀನು ಬಂದೆ. ನಿನ್ನ ಮಗಳು ಅಶ್ವಿನಿಗೆ ತೊರವಿ ಹತ್ತಿರದ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ನೀನು ಮಾತ್ರ ಅವಳನ್ನು ನಿನ್ನ ತಮ್ಮನಿಗೆ, ನನ್ನ ಮಗ ರಮೇಶನಿಗೆ, ಕೊಡುವ ಮಾತೆತ್ತಿದೆ.

“ಹೊರಗಿನವ್ರು ನನ್ನ ನೋಡಿ ಬ್ಯಾಡಂದ್ರು. ಆಕೀಗೂ ಆ ಪಾಡು ಯಾಕ ಬೇ?”

ನನ್ನ ಸುಳ್ಳು ನಿನ್ನ ಬಾಯಲ್ಲಿ ಬುದ್ಧಿಮಾತಾಗಿ ಬಂತು.

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅನ್ನುತ್ತಾರೆ. ಅಶ್ವಿನಿಯದು ಇನ್ನೂ ಮಿಂಚಿಲ್ಲ. ಸೋಮವಾರ ನೀವು ಮಾತು ಮುಗಿಸಲು ಬಂದಾಗ, ಮಲ್ಲಪ್ಪನ ಎದುರೇ ಹೇಳುತ್ತೇನೆ. ಆಮೇಲೆ ನೀನು ಈ ಮನೆಗೆ ಕಾಲಿಡದಿದ್ದರೂ ಸರಿ.

ಅವರು ನಿನ್ನನ್ನು ಒಪ್ಪಿದ್ದರು, ಶೋಭಾ. ಕಲಿಸುತ್ತೇವೆ ಅಂತಲೂ ಅಂದಿದ್ದರು.