ದಿನಾ ಕೆಳಗಿಳಿಯುತ್ತಿದ್ದ ಗುಲಾಬಿ ಕುಂಡಗಳು

ಇದು ನಡೆದದ್ದು ಹೋದ ವರ್ಷದ ಬೇಸಿಗೆಯಲ್ಲಿ, ಮತ್ತಿಗಿರಿ ಕಡೆಯ ನಮ್ಮ ಹಳೆಯ ಪಾರ್ಕಿನಲ್ಲಿ. ಬ್ರಿಟಿಷರ ಕಾಲದ ಪಾರ್ಕು ಅದು. ಒಳಗೆ ಹೆಂಚು ಹೊದಿಸಿದ ಉದ್ದನೆಯ ಹಾಲ್ ಇದೆ. ನಾಮಕರಣ, ಭರತನಾಟ್ಯದ ಕ್ಲಾಸು, ಯೋಗ ಎಲ್ಲವೂ ಅಲ್ಲೇ. ಬಹಳ ಕಾಲ ಹಾಳುಬಿದ್ದಿದ್ದ ಜಾಗವನ್ನು ಪಾಲಿಕೆಯವರು ರಿಪೇರಿ ಮಾಡಿಸಿ, ಸುತ್ತಮುತ್ತ ವಾಸವಿರುವವರೂ ಸೇರಿ ನೋಡಿಕೊಳ್ಳಲಿ ಎಂದು ನಮ್ಮದೊಂದು ಸಮಿತಿ ಮಾಡಿದರು. ಆಗಷ್ಟೇ ಹೊಸೂರಿನಲ್ಲಿ ಟೀಚರ್ ಕೆಲಸದಿಂದ ನಿವೃತ್ತಳಾಗಿದ್ದ ನಾನೂ ಅದಕ್ಕೆ ಸೇರಿದೆ. ಇನ್ನು ಮೇಲೆ ಇವಳು ನನ್ನ ತಲೆ ತಿನ್ನುವುದು ಬಿಟ್ಟು ಪಾರ್ಕಿನವರ ತಲೆ ತಿನ್ನುತ್ತಾಳೆ ಎಂದು ನಮ್ಮ ಮನೆಯವರಿಗೂ ಖುಷಿಯಾಯಿತು.

ಸಮಿತಿಯ ಕಾರ್ಯದರ್ಶಿ ವೆಂಕಟೇಶಪ್ಪನವರು. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವರು, ಪಾರ್ಕನ್ನೂ ಶಿಫ್ಟ್ ನಡೆಸಿದ ಹಾಗೇ ನಡೆಸುತ್ತಿದ್ದರು. ಯಾರಾದರೂ ಹುಲ್ಲಿನ ಮೇಲೆ ಕಾಲಿಟ್ಟರೆ ಕೊರಳಲ್ಲಿದ್ದ ವಿಸಿಲ್ ಊದುತ್ತಿದ್ದರು. ಅವರ ವಿಸಿಲ್‌ಗೆ ನಾಯಿಗಳೂ ದಾರಿ ಬದಲಿಸುತ್ತಿದ್ದವು.

ಪಾರ್ಕಿನ ಹಿಂಬದಿ ಗೇಟಿನ ಹತ್ತಿರ ಎರಡು ನಿಲುಗಲ್ಲುಗಳಿವೆ. ಅವುಗಳ ಮೇಲೆ, ಭುಜದೆತ್ತರಕ್ಕೆ, ಒಂದು ಅಡ್ಡಗಲ್ಲು. ಹಳೆಯ ಕಾಲದ ಯಾವುದೋ ಬಾಗಿಲಿನ ಚೌಕಟ್ಟು ಇರಬೇಕು ಎಂದುಕೊಂಡೆವು. ಇಷ್ಟು ಕುಳ್ಳ ಬಾಗಿಲಲ್ಲಿ ಯಾವ ದೊರೆ ನುಗ್ಗುತ್ತಿದ್ದ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಬೋಳಾಗಿ ಕಾಣುತ್ತದೆ ಎಂದು ಅಡ್ಡಗಲ್ಲಿನ ಮೇಲೆ ಸಾಲಾಗಿ ಗುಲಾಬಿ ಕುಂಡಗಳನ್ನು ಇಡಿಸಿದೆವು. ನೋಡಲು ಬಹಳ ಚೆನ್ನಾಗಿತ್ತು. ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡೆವು.

ಮರುದಿನ ಬೆಳಿಗ್ಗೆ ಕುಂಡಗಳೆಲ್ಲ ನೆಲದ ಮೇಲಿದ್ದವು. ಕಾವಲುಗಾರ ಮತ್ತೆ ಮೇಲಿಟ್ಟ. ಅದರ ಮರುದಿನ ನೋಡಿದರೆ ಮತ್ತೆ ನೆಲದ ಮೇಲೆ. ವಾರವಾದರೂ ಇದೇ ಕಥೆ. ಶಟಲ್ ಆಡುವ ಹುಡುಗರ ಕೆಲಸ ಎಂದು ಒಬ್ಬರು, ಕೋತಿಗಳದ್ದು ಎಂದು ಇನ್ನೊಬ್ಬರು.

ನನಗೆ ಮಾತ್ರ ಒಂದು ಬಗೆಹರಿಯಲಿಲ್ಲ. ಕಳ್ಳನಾಗಿದ್ದರೆ ಹೊತ್ತುಕೊಂಡು ಹೋಗಬೇಕಿತ್ತು, ಪುಂಡರಾಗಿದ್ದರೆ ಒಡೆದು ಹಾಕಬೇಕಿತ್ತು. ಇಲ್ಲಿ ಒಂದು ಎಲೆಯೂ ಮುರಿದಿರಲಿಲ್ಲ. ಕುಂಡಗಳು ಹೊಂಗೆ ಮರದ ನೆರಳಿನಲ್ಲಿ ಒಪ್ಪವಾಗಿ ಕೂತಿರುತ್ತಿದ್ದವು. ಬೆರಳಿಟ್ಟು ನೋಡಿದರೆ ಮಣ್ಣು ಒದ್ದೆ! ಗಿಡಕ್ಕೆ ನೀರು ಹಾಕಿ ಹೋಗುವ ಪುಂಡನನ್ನು ನಾನಂತೂ ಕಂಡಿರಲಿಲ್ಲ.

ವೆಂಕಟೇಶಪ್ಪನವರಿಗೆ ತಲೆ ಕೆಟ್ಟುಹೋಯಿತು. "ಭಾನುವಾರ ಮೇಸ್ತ್ರಿ ಬತ್ತಾನೆ. ಕಂಬಿ ಹಾಕಿ, ಸಿಮೆಂಟ್ ಮೆತ್ತಿ, ಪಾಟ್‌ಗಳ್ನ ಕಲ್ಲಿಗೇ ಫಿಕ್ಸ್ ಮಾಡ್ಸಿಬುಡ್ತೀನಿ. ಆಮೇಲೆ ಅದ್ಯಾರು ಇಳಿಸ್ತಾರೋ ಇಳಿಸ್ಲಿ" ಎಂದರು. ಸಭೆಯಲ್ಲಿ ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಆದರೆ ಕುತೂಹಲ ನನ್ನನ್ನು ಬಿಡಬೇಕಲ್ಲ! ಶುಕ್ರವಾರ ಬೆಳಗಾಗುತ್ತಿದ್ದಂತೆ ಹೋಗಿ ಹಾಲ್‌ನ ಜಗಲಿಯ ಮೇಲೆ, ಕಂಬದ ಮರೆಯಲ್ಲಿ ಕೂತೆ.

ಗೇಟು ತೆಗೆದು ಸ್ವಲ್ಪ ಹೊತ್ತಾಗಿತ್ತು. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬಳು ಬಂದಳು. ನನಗಿಂತ ನಾಲ್ಕಾರು ವರ್ಷ ಚಿಕ್ಕವಳಿರಬೇಕು. ಹೊರೆ ಕೆಳಗಿಟ್ಟು, ಕುಂಡಗಳನ್ನು ಒಂದೊಂದಾಗಿ ಎರಡೂ ಕೈಯಲ್ಲಿ ಹಿಡಿದು ಇಳಿಸಿದಳು. ನಲ್ಲಿಯಿಂದ ನೀರು ತಂದು ಗಿಡಗಳಿಗೆ ಹಾಕಿದಳು. ಆಮೇಲೆ ಸೊಪ್ಪಿನ ಹೊರೆಯನ್ನು ಅಡ್ಡಗಲ್ಲಿನ ಮೇಲಿಟ್ಟು, ಕೈಮುಗಿದು, ಮತ್ತೆ ಇಳಿಸಿಕೊಂಡಳು. ನಾನು ಎದ್ದು ಬಂದದ್ದು ನೋಡಿ ಬೆಚ್ಚಿಬಿದ್ದಳು.

"ಕದಿಯಕ್ಕೆ ಬಂದಿಲ್ಲ ಕಣಮ್ಮ. ನಿಮ್ ಗಿಡಕ್ಕೆ ಏನೂ ಮಾಡಿಲ್ಲ" ಎಂದಳು.

"ಅದು ಗೊತ್ತು, ನೀರೂ ಹಾಕ್ತೀಯ. ಯಾಕೆ ಇಳಿಸ್ತೀಯ, ಅದನ್ನ ಹೇಳು."

ಅವಳ ಹೆಸರು ಮುನಿರತ್ನಮ್ಮ. ಪಕ್ಕದ ಹಳ್ಳಿಯವಳು, ಸೊಪ್ಪು ಬೆಳೆದು ಮಾರುವವಳು. ಅದು ಬಾಗಿಲಲ್ಲ, ಹೊರೆಗಲ್ಲು ಎಂದಳು. ಪಾರ್ಕು ಆಗುವ ಮೊದಲು ಅಲ್ಲೊಂದು ಕಾಲುದಾರಿ ಇತ್ತಂತೆ. ಬಸುರಿ ಹೆಂಗಸು ಹೆರಿಗೆಯಾಗದೆ ಸತ್ತರೆ, ಹೊತ್ತ ಭಾರ ಇಳಿಸಿಕೊಳ್ಳದೆ ಹೋದಳಲ್ಲ ಎಂದು ಮನೆಯವರು ಅವಳ ಹೆಸರಿನಲ್ಲಿ ದಾರಿಬದಿ ಇಂಥ ಕಲ್ಲು ನಿಲ್ಲಿಸುತ್ತಿದ್ದರಂತೆ. ಹೊರೆ ಹೊತ್ತು ಬಂದವರು ಅಲ್ಲಿ ಇಳಿಸಿ, ದಣಿವಾರಿಸಿಕೊಂಡು ಹೋದರೆ ಆ ಜೀವಕ್ಕೂ ಹಗುರ ಎಂಬುದು ನಂಬಿಕೆ.

"ನಮ್ಮತ್ತೆ ಮನೇಲಿ ಯಾವ್ದೋ ಕಾಲದಲ್ಲಿ ಹಂಗೆ ಹೋದ್ಳಂತೆ. ಹೆಸ್ರು ನಮ್ಗೂ ತಿಳೀದು. ಮನೇಲಿ ಯಾರಾನ ಬಸ್ರಿ ಆದ್ರೆ ಇಲ್ಲಿ ಹೊರೆ ಇಟ್ಟು ಇಳಿಸ್ಕೊಂಡು ಹೋಯ್ತೀವಿ. ಈಗ ನನ್ ಮಗ್ಳು ಸವಿತಾಗೆ ತಿಂಗ್ಳು ತುಂಬಿದೆ. ಮೊದಲ್ನೇದು ನಿಲ್ಲಿಲ್ಲ ಕಣಮ್ಮ." ಅವಳು ಕಲ್ಲಿನ ಮೇಲೆ ಕೈಯಿಟ್ಟಳು. "ಇಂಥ ಹೊತ್ನಲ್ಲಿ ಬಂದು ನೋಡಿದ್ರೆ, ಯಾರೂ ಇಳಿಸ್ಕೊಳ್ದೇ ಇರೋ ಭಾರಾನ ಕಲ್ಲಿನ ಮೇಲೆ ಹೊರ್ಸಿಬುಟ್ಟವ್ರೆ. ಯಾರ್ನ ಕೇಳೋದು? ಅದ್ಕೇ ನಾನೇ ಇಳಿಸ್ಬುಟ್ಟು ಹೋಯ್ತೀನಿ."

ಬಂದು ನಮ್ಮನ್ನು ಕೇಳಬಾರದಿತ್ತೇ ಎಂದೆ. ವಿಸಿಲ್ ಊದುವವರ ಹತ್ತಿರ ಏನು ಮಾತು ಎಂದಳು. ನಗು ಬಂತು. ಆದರೆ ಭಾನುವಾರದ ಸಿಮೆಂಟಿನ ವಿಷಯ ಹೇಳಿದಾಗ ಅವಳ ಮುಖ ಕಪ್ಪಿಟ್ಟಿತು. ಆಮೇಲೆ ಜೊತೆಯಲ್ಲಿದ್ದಷ್ಟು ಹೊತ್ತೂ ಅವಳ ಕಣ್ಣು ಆ ಕಲ್ಲಿನ ಮೇಲೇ ಇತ್ತು. ನನ್ನ ಫೋನ್ ನಂಬರು ಕೊಟ್ಟು ಕಳಿಸಿದೆ.

ವೆಂಕಟೇಶಪ್ಪನವರ ಮನೆಗೇ ಹೋಗಿ ಎಲ್ಲ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಟೀಚರಮ್ಮ, ಇವತ್ತು ಒಬ್ರ ನಂಬಿಕೆ ಅಂತ ಪಾಟ್ ಇಳಿಸಿದ್ರೆ, ನಾಳೆ ಇನ್ನೊಬ್ರು ಬಂದು ಬೆಂಚ್ ತೆಗೀರಿ ಅಂತಾರೆ. ಪಾರ್ಕ್ ನಡ್ಸಕ್ಕಾಯ್ತದಾ? ಮೀಟಿಂಗಲ್ಲಿ ಪಾಸ್ ಆಗಿದೆ. ನೀವೂ ಕೈ ಎತ್ತಿದ್ರಿ."

ಅದಂತೂ ನಿಜವೇ. ಉರಿದುಕೊಂಡು ಮನೆಗೆ ಬಂದೆ. ಶನಿವಾರವಿಡೀ ಬೇರೆ ಸದಸ್ಯರಿಗೆ ಫೋನ್ ಮಾಡಿದೆ. ಎಲ್ಲರದೂ ಒಂದೇ ಮಾತು, ಕಾರ್ಯದರ್ಶಿ ಒಪ್ಪಿದರೆ ನಮ್ಮದೇನೂ ಅಡ್ಡಿಯಿಲ್ಲ.

ಭಾನುವಾರ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ಮುನಿರತ್ನಮ್ಮನ ಫೋನ್ ಬಂತು. "ಅಮ್ಮಾ, ಆಸ್ಪತ್ರೇಲಿದೀನಿ. ಸವಿತಾಗೆ ನೋವು ಬಂದದೆ, ಒಳಕ್ಕೆ ಕರ್ಕೊಂಡೋದ್ರು. ನಾನ್ ಬರಕ್ಕಾಗಲ್ಲ. ಆ ಪಾಟ್‌ಗಳು..."

ನಾನು ಶಕುನ ನಂಬುವವಳಲ್ಲ. ಕಲ್ಲಿಗೂ ಹೆರಿಗೆಗೂ ಏನು ಸಂಬಂಧ ಎಂದು ಮಕ್ಕಳಿಗೆ ಪಾಠ ಹೇಳಬಲ್ಲೆ. ಆದರೂ ಸ್ಟವ್ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಮೇಸ್ತ್ರಿ ಬರುವ ಮುಂಚೆ ಹೇಗಾದರೂ ಕುಂಡ ಇಳಿಸಬೇಕು, ವೆಂಕಟೇಶಪ್ಪ ಎದುರಾದರೆ ಜಗಳಕ್ಕೂ ಸೈ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಹೊರೆಗಲ್ಲಿನ ಹತ್ತಿರ ಒಬ್ಬರು ಬೆನ್ನು ಮಾಡಿ ನಿಂತಿದ್ದರು. ಪಂಚೆ ಎತ್ತಿಕಟ್ಟಿ, ಕೊನೆಯ ಕುಂಡವನ್ನು ಎದೆಗೆ ಅವಚಿಕೊಂಡು ಇಳಿಸುತ್ತಿದ್ದರು. ವೆಂಕಟೇಶಪ್ಪನವರು! ನನ್ನನ್ನು ಕಂಡು ಕದ್ದು ಸಿಕ್ಕಿಬಿದ್ದವರ ಹಾಗಾದರು.

"ಗಿಡಕ್ಕೆ ಬಿಸ್ಲು ಜಾಸ್ತಿ ಆಯ್ತದೆ ಅಂತ..." ಎಂದರು.

ಸೂರ್ಯ ಇನ್ನೂ ಪೂರ್ತಿ ಮೇಲೆ ಬಂದಿರಲಿಲ್ಲ. ನಾನು ಅವರ ಮುಖ ನೋಡಿದೆ.

"ಮನೆಯವ್ಳಿಗೆ ಹೇಳ್ದೆ" ಎಂದರು ಕೊನೆಗೆ, ಕೈಮಣ್ಣು ಒರೆಸಿಕೊಳ್ಳುತ್ತ. "ಎರಡು ದಿನದಿಂದ ನನ್ ಜೊತೆ ಮಾತಾಡಿಲ್ಲ. ನಮ್ ದೊಡ್ ಮಗ್ಳು ಹುಟ್ಟೋವಾಗ ಅವ್ಳು ಪಟ್ಟ ಪಾಡು ಅವ್ಳಿಗೇ ಗೊತ್ತು. ನಾನಾಗ ಡ್ಯೂಟೀಲಿದ್ದೆ."

ಸವಿತಾ ಆಸ್ಪತ್ರೆಯಲ್ಲಿದ್ದಾಳೆ ಎಂದೆ. ಅವರು ನಲ್ಲಿಗೆ ಹೋಗಿ ನೀರು ತಂದು ಗಿಡಗಳಿಗೆ ಹಾಕಿದರು. ಅಷ್ಟರಲ್ಲಿ ಮೇಸ್ತ್ರಿ ಬಂದ. ಅವನನ್ನು ಹಾಲ್‌ನ ಒಡೆದ ಮೆಟ್ಟಿಲಿನ ಕೆಲಸಕ್ಕೆ ಹಚ್ಚಿದರು. ನಾವಿಬ್ಬರೂ ಬೆಂಚಿನ ಮೇಲೆ ಕೂತೆವು, ಮಧ್ಯದಲ್ಲಿ ನನ್ನ ಫೋನು. ಬಿಸಿಲು ಏರಿದ ಮೇಲೆ ಅದು ರಿಂಗಾಯಿತು. "ಹೆಣ್ಣು ಮಗ ಕಣಮ್ಮ! ಇಬ್ರೂ ಚೆನ್ನಾಗವ್ರೆ" ಎಂದು ಮುನಿರತ್ನಮ್ಮ ಅಳುತ್ತಿದ್ದಳು. ನಾನೂ ಅತ್ತೆ. ವೆಂಕಟೇಶಪ್ಪನವರು ಎದ್ದು ಹೋಗಿ, ಹುಲ್ಲಿನ ಮೇಲೆ ಯಾರೂ ಇಲ್ಲದಿದ್ದರೂ ಒಮ್ಮೆ ಜೋರಾಗಿ ವಿಸಿಲ್ ಊದಿದರು.

ಆ ಮಗುವಿನ ನಾಮಕರಣ ನಮ್ಮ ಹಾಲ್‌ನಲ್ಲೇ ಆಯಿತು. ಕಲ್ಲಿನ ಪಕ್ಕದಲ್ಲಿ ಈಗ ತಮಿಳು, ಕನ್ನಡ, ತೆಲುಗಿನಲ್ಲಿ ಒಂದು ಬೋರ್ಡು ಇದೆ. ಅದರ ಮೇಲಿನ ಮಾತು ವೆಂಕಟೇಶಪ್ಪನವರದು: "ನಿಮ್ಮ ಹೊರೆ ಇಲ್ಲಿ ಇಡಿ. ಹೋಗುವಾಗ ಮರೆಯದೆ ಇಳಿಸಿಕೊಳ್ಳಿ." ಕಲ್ಲಿಗೆ ಏನಾದರೂ ಶಕ್ತಿಯಿದೆಯೇ ಎಂದು ಕೇಳಿದರೆ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಸಂತೆಯಿಂದ ಬರುವಾಗ ನನ್ನ ತರಕಾರಿ ಚೀಲವನ್ನು ಒಂದು ನಿಮಿಷ ಅದರ ಮೇಲಿಡುತ್ತೇನೆ. ಹೆಸರು ತಿಳಿಯದ ಆ ಹೆಣ್ಣುಮಗಳನ್ನು ನೆನೆದು, ಮತ್ತೆ ಎತ್ತಿಕೊಂಡು ಮನೆಗೆ ಬರುತ್ತೇನೆ.