ಟಾರ್ಪಾಲಿನ ನಾಲ್ಕನೇ ಮೂಲೆ

ನನ್ನ ನೆನಪನ್ನು ನಂಬಿ ಯಾರೂ ನನ್ನಿಂದ ಸಾಕ್ಷಿ ಹೇಳಿಸಬಾರದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಎಲ್ಲವನ್ನೂ ಅನುಮಾನಿಸುವುದನ್ನು. ಶ್ರದ್ಧೆಯಿಂದಲೇ ಕಲಿತೆ. ದೇವರು, ಸರ್ಕಾರ, ಪಂಚಾಂಗ, ಹವಾಮಾನ ವರದಿ, ಯಾವುದನ್ನೂ ಬಿಡಲಿಲ್ಲ. ನನ್ನೊಬ್ಬನನ್ನು ಮಾತ್ರ ಬಿಟ್ಟಿದ್ದೆ.

ಬೆಳಗೋಡಿನ ಹತ್ತಿರ ನನಗೆ ಮೂರೆಕರೆ ಕಾಫಿ ಇದೆ. ಕಾಲೇಜಿನ ಪಾಠ ಬಿಟ್ಟ ಮೇಲೆ ಅಲ್ಲೇ ವಾಸ. ವಾಸ ಎನ್ನುವುದಕ್ಕಿಂತ ಅಲೆದಾಟ ಎಂದರೆ ಸರಿ. ಒಂದು ಪುಟ ಬರೆಯಬೇಕಾದರೆ ಎರಡು ಸಲ ಗೇಟಿನವರೆಗೆ ಹೋಗಿಬರುವ ಜಾಯಮಾನ ನನ್ನದು. ಕಳೆದ ಡಿಸೆಂಬರಿನಲ್ಲಿ ಊರಿನ ಸಂಘದವರು ಬಂದು ಸ್ಮರಣ ಸಂಚಿಕೆಗೆ ಲೇಖನ ಕೇಳಿದರು. ‘ಕೂಡಿ ದುಡಿಯೋದರ ಬಗ್ಗೆ ಬರೀರಿ’ ಎಂದರು. ಒಬ್ಬನೇ ಕೂತು ಬರೆಯತೊಡಗಿದೆ.

ಮೊದಲು ಪದಗಳ ಪಟ್ಟಿ ಮಾಡಿದೆ. ‘ಸಹಕಾರ’ ಎಂದೊಡನೆ ನನಗೆ ಸೀಲು, ರಸೀದಿ, ಒಂದು ಕಾಲು ಅಲ್ಲಾಡುವ ಬೆಂಚು ಕಾಣಿಸುತ್ತವೆ; ದುಡಿಯುವವರು ಕಾಣಿಸುವುದಿಲ್ಲ. ‘ಸಹಯೋಗ’ ಆಹ್ವಾನ ಪತ್ರಿಕೆಯಲ್ಲೇ ಹುಟ್ಟಿ ಅಲ್ಲೇ ತೀರಿಹೋಗುವ ಪದ. ಕುರ್ಚಿ ಕೊಟ್ಟವರದೂ ಸಹಯೋಗವೇ. ‘ಶಾಮೀಲಾದವರು’ ಒಳ್ಳೆಯ ಕೆಲಸ ಮಾಡಿದ್ದನ್ನು ನಾನಂತೂ ಕೇಳಿಲ್ಲ. ‘ಒತ್ತಾಸೆ’ ಬೆನ್ನ ಹಿಂದೆ ನಿಲ್ಲುವವನದು, ಅವನು ಬೆವರಬೇಕಾಗಿಲ್ಲ. ‘ಮುಯ್ಯಾಳು’ ಮಾತ್ರ ಗದ್ದೆಯ ಕೆಸರಿನಿಂದ ಎದ್ದು ಬಂದ ಮಾತು: ಇವತ್ತು ನಮ್ಮ ನಾಟಿಗೆ ನೀವು, ನಾಳೆ ನಿಮ್ಮ ನಾಟಿಗೆ ನಾವು. ಆದರೆ ಅದರೊಳಗೂ ನಾಳೆಯ ನಿರೀಕ್ಷೆ ಇದೆ. ಯಾವ ನಿರೀಕ್ಷೆಯೂ ಇಲ್ಲದ ಕೂಡುಕೆಲಸಕ್ಕೆ ಏನನ್ನುತ್ತಾರೆ? ಅದಕ್ಕೆ ಪದ ಸಿಗಲಿಲ್ಲ. ಕಥೆಯೊಂದು ಸಿಕ್ಕಿತು.

ಕಥೆ ಅದಕ್ಕೂ ಹಿಂದಿನ ಜನವರಿಯದು. ನನ್ನ ಕಣದಲ್ಲಿ ಕಾಫಿ ಒಣಗುತ್ತಿತ್ತು. ಕಾಲವಲ್ಲದ ಕಾಲದಲ್ಲಿ ಮೋಡ ಕಟ್ಟಿತು. ಹಾಗಾದಾಗ ಇಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ಹತ್ತಿರ ಇದ್ದವರು ಹತ್ತಿರದ ಕಣಕ್ಕೆ ಓಡುತ್ತಾರೆ; ಕಾಫಿ ಯಾರದೆಂದು ನೋಡುವುದಿಲ್ಲ. ಪಕ್ಕದ ತೋಟದ ರುದ್ರೇಶಣ್ಣ ಮತ್ತು ಅವರ ಹೆಂಡತಿ ಪಾರ್ವತಕ್ಕ ಬೇಲಿಯ ಬುಡದಲ್ಲಿ ಮೆಣಸು ಕುಯ್ಯುತ್ತಿದ್ದವರು ಹಾಗೇ ಬೇಲಿ ದಾಟಿ ಬಂದರು. ಬಾಳ್ಳುಪೇಟೆಯಿಂದ ನನಗೆ ಗೊಬ್ಬರ ತಂದಿದ್ದ ಇಸ್ಮಾಯಿಲ್ ಪಿಕಪ್ಪಿನಿಂದ ಹಾರಿದ. ಅವರದು ಟಾರ್ಪಾಲಿನ ಮೂರು ಮೂಲೆ, ನನ್ನದು ನಾಲ್ಕನೆಯದು. ಗಾಳಿ ಅದನ್ನು ಉಬ್ಬಿಸಿ ಎಳೆಯಿತು. ಅಂಗೈ ಉರಿಯಿತು. ನಾನು ಬಿಡಲಿಲ್ಲ. ಒಂದು ಕಾಳೂ ನೆನೆಯಲಿಲ್ಲ.

ಹೀಗೆ ಬರೆದು, ಅಚ್ಚಿಗೆ ಕೊಡುವ ಮೊದಲು ಪಾರ್ವತಕ್ಕನ ಜಗುಲಿಯಲ್ಲಿ ಕೂತು ದೊಡ್ಡದಾಗಿ ಓದಿದೆ.

‘ಚೆನ್ನಾಗೈತೆ ಮೇಷ್ಟ್ರೇ,’ ಎಂದರು ಪಾರ್ವತಕ್ಕ. ‘ಆದ್ರೆ ನಾಕ್ನೇ ಮೂಲೇಲಿ ನೀವೆಲ್ಲಿದ್ರಿ?’

‘ನಾನೇ ಹಿಡಿದಿದ್ದೆನಲ್ಲ, ಪಾರ್ವತಕ್ಕ.’

‘ನೀವು ಹಿಡ್ದಿದ್ದು ಪೆನ್ನು. ನಿಮ್ ಜಗುಲಿ ಮ್ಯಾಲೆ ನಿಂತ್ಕಂಡು ಆ ಕಡೆ ಎಳೀರಿ, ಈ ಕಡೆ ಎಳೀರಿ ಅಂತಿದ್ರಿ. ಆ ಮೂಲೆ ನನ್ ಕಾಲಡಿ ಇತ್ತು.’

‘ಬಿಡೇ ಅತ್ಲಾಗೆ,’ ಎಂದರು ರುದ್ರೇಶಣ್ಣ. ‘ಹೇಳೋರೂ ಒಬ್ರು ಬೇಕಲ್ಲ.’

ಮೂವರೂ ನಕ್ಕೆವು. ಮಾತು ತಿರುಗಿಸಲು, ‘ಅವತ್ತು ನಿಮ್ಮ ಕಾಫಿಗೇನೂ ಆಗಲಿಲ್ಲವಲ್ಲ?’ ಎಂದೆ.

‘ನಮ್ದು ನೆಂದ್ಬುಡ್ತು ಕಣ್ರೀ. ನಿಮ್ದು ಮುಚ್ಚಿ ನಾವು ದಿಬ್ಬ ಹತ್ತೋ ಹೊತ್ಗೆ ನಮ್ ಕಣದಾಗೆ ನೀರು ಹರೀತಿತ್ತು. ಆಮ್ಯಾಕೆ ಬೂಸ್ಟು ಹಿಡೀತಲ್ಲ, ನೀವೇ ಬಂದು ನೋಡಿದ್ರಿ,’ ಎಂದರು ಪಾರ್ವತಕ್ಕ.

ಅದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಬೂಷ್ಟು ಹಿಡಿದ ಕಾಫಿಯನ್ನು ಅಂಗೈಯಲ್ಲಿಟ್ಟು ಮೂಸಿ, ಒಣಗಿಸುವುದರಲ್ಲಿ ಶಿಸ್ತು ಇರಬೇಕೆಂದು ಹತ್ತು ನಿಮಿಷ ಮಾತಾಡಿದ್ದೆ. ಗಂಡ ಹೆಂಡತಿ ತಲೆಯಾಡಿಸುತ್ತ ಕೇಳಿದ್ದರು. ಅದು ಯಾಕೆ ನೆನೆಯಿತೆಂದು ಇಬ್ಬರೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಅನುಮಾನದ ಮನುಷ್ಯ ಒಂದೇ ಸಾಕ್ಷಿಗೆ ಒಪ್ಪುವವನಲ್ಲ. ಇಸ್ಮಾಯಿಲನಿಗೆ ಫೋನು ಮಾಡಿದೆ. ‘ನೀವೂ ಒಳ್ಳೆ ಸಪೋರ್ಟ್ ಮಾಡಿದ್ರಿ ಸಾರ್,’ ಎಂದವನು, ‘ಮೇಲಿಂದ,’ ಎಂದು ಸೇರಿಸಿದ.

ಹಾಗಾದರೆ ಅಂಗೈ ಉರಿದದ್ದು? ಅದು ಅವರಲ್ಲಿ ಯಾರದೋ ಅಂಗೈ ಇರಬೇಕು. ಹೇಳುತ್ತ ಹೇಳುತ್ತ ನನ್ನದಾಗಿಸಿಕೊಂಡಿದ್ದೆ. ಒಂದಿಡೀ ವರ್ಷ ‘ನಾವು ಉಳಿಸಿದೆವು’ ಎಂದು ಹೇಳಿಕೊಂಡು ತಿರುಗಿದ್ದೇನೆ. ನನ್ನ ಪಟ್ಟಿಯ ಪದಗಳಿಗೆಲ್ಲ ಹುಳುಕು ಹುಡುಕಿದವನು ಈ ‘ನಾವು’ ಎಂಬುದನ್ನು ಪಟ್ಟಿಗೇ ಸೇರಿಸಿರಲಿಲ್ಲ. ಲೇಖನವನ್ನು ಅಚ್ಚಿಗೆ ಕೊಡಲಿಲ್ಲ. ಆದರೆ ಆಡಿದ ಉಪದೇಶವನ್ನು ಹಿಂದಕ್ಕೆ ಪಡೆಯುವ ದಾರಿ ಗೊತ್ತಿರಲಿಲ್ಲ. ಎರಡು ಸಲ ಬೇಲಿಯವರೆಗೆ ಹೋಗಿ, ಹವಾಮಾನದ ಬಗ್ಗೆ ಮಾತಾಡಿ ಬಂದೆ.

ಈ ಜನವರಿಯಲ್ಲಿ ಒಂದು ಮಧ್ಯಾಹ್ನ ಆನೇಮಹಲ್ ಕಡೆ ಆಕಾಶ ಮತ್ತೆ ಕಪ್ಪಾಯಿತು. ನನ್ನ ಕಣ ಖಾಲಿ ಇತ್ತು. ದಿಬ್ಬ ಹತ್ತಿ ಓಡಿದೆ. ನಡುವೆ ತೋಟದ ನೀರು ಹರಿದು ಕೆಸರಾಗಿದ್ದ ಓಣಿಯಲ್ಲಿ ಜಾರಿ, ಎದ್ದು, ಏದುಸಿರು ಬಿಡುತ್ತ ತಲುಪುವ ಹೊತ್ತಿಗೆ ಗಂಡ ಹೆಂಡತಿ ಕಣ ಮುಚ್ಚಿಯಾಗಿತ್ತು.

‘ಬಂದ್ರಾ ಮೇಷ್ಟ್ರೇ,’ ಎಂದರು ಪಾರ್ವತಕ್ಕ. ‘ಆ ಮೂಲೇಗೆ ಕಲ್ಲು ಸಾಲ್ಲಿಲ್ಲ. ವಸಿ ಮ್ಯಾಲೆ ನಿಂತ್ಕಳಿ.’

ನಿಂತೆ. ಮುಕ್ಕಾಲು ಗಂಟೆ, ಬಾಯಿ ಮುಚ್ಚಿಕೊಂಡು, ಕಲ್ಲಿನ ಕೆಲಸ ಮಾಡಿದೆ. ಅದಕ್ಕೆ ನನ್ನ ಪಟ್ಟಿಯಲ್ಲಿ ಪದವಿರಲಿಲ್ಲ. ಹಿಂದೆ ನೆನೆದ ಅವರ ಕಾಫಿ ಇದರಿಂದ ಒಣಗುವುದಿಲ್ಲ ಎಂಬುದು ನಿಂತಷ್ಟು ಹೊತ್ತೂ ಗೊತ್ತಿತ್ತು. ಮಳೆ ಬೇರೆ ಕಡೆ ತಿರುಗಿತು. ಒಂದು ಹನಿಯೂ ಬೀಳಲಿಲ್ಲ.

ಇಳಿಯುವಾಗ ಕೇಳಿದೆ: ‘ಪಾರ್ವತಕ್ಕ, ನಾನು ಇಲ್ಲಿ ನಿಂತಿದ್ದೆ ಅಂತ ನೀವು ನೆನಪಿಟ್ಟುಕೊಳ್ಳಿ. ನನ್ನ ನೆನಪು ನಂಬೋ ಹಾಗಿಲ್ಲ.’

‘ನಾನ್ಯಾಕೆ ನೆಪ್ಪಿಡ್ಲಿ? ಅಲ್ಲೇ ಐತಲ್ಲ.’ ಟಾರ್ಪಾಲಿನ ಮೇಲೆ ನನ್ನ ಚಪ್ಪಲಿಯ ಕೆಸರಿನ ಗುರುತು ಎರಡು ಬಿದ್ದಿತ್ತು. ನಾನು ಅದನ್ನು ಕಣ್ತುಂಬ ನೋಡುತ್ತಿರುವಾಗಲೇ ಅವರು ಪೊರಕೆ ತಂದು ಗುಡಿಸಿಬಿಟ್ಟರು. ಮಡಚಬೇಕಿತ್ತಲ್ಲ. ಎರಡು ಮೂಲೆ ಅವರು ಹಿಡಿದರು, ಎರಡು ನಾನು. ಮಡಚುತ್ತ ಮಡಚುತ್ತ ಹತ್ತಿರ ಬಂದಾಗ, ‘ಅವತ್ತು ನಿಮ್ಮ ಕಾಫಿ ನೋಡಿ ಏನೇನೋ ಹೇಳಿಬಿಟ್ಟೆ’ ಎಂದೆ. ‘ಸರಿಯಾಗಿ ಹಿಡೀರಿ, ಮೂಲೆ ಜಾರ್ತೈತೆ’ ಎಂದರು ಅವರು.

ಮನೆಗೆ ಬಂದು ಅಂಗೈ ನೋಡಿಕೊಂಡೆ. ಕೆಸರಿತ್ತು. ತೊಳೆಯುವ ಮೊದಲೇ ಕೂತು ಇದನ್ನು ಬರೆದಿದ್ದೇನೆ.