ಅಮ್ಮ ಓಡಿಸಿದ ಮೊದಲ ಲಾಳಿ

ಇವತ್ತು ರೇಷ್ಮೆ ನೂಲಿನ ಕಟ್ಟು ಬಿಚ್ಚಿದಾಗ ಬಂದ ಹಸಿ ವಾಸನೆ ನನ್ನನ್ನು ದೊಡ್ಡಬಳ್ಳಾಪುರದ ನಮ್ಮ ಹೆಂಚಿನ ಮನೆಗೆ ಎಳೆದೊಯ್ದಿತು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಎದುರುಮನೆ ರಂಗಮ್ಮನವರ ಮಗ್ಗದಲ್ಲಿ ಕೂಲಿಗೆ ನೇಯ್ದು ನಮ್ಮನ್ನು ಸಾಕುತ್ತಿದ್ದಳು. ಗಂಡ ಹೋದವಳಿಗೆ ಓಲೆ ಯಾಕೆ ಎಂದು ಬೀದಿಯೆಲ್ಲ ಆಡಿಕೊಳ್ಳುತ್ತಿತ್ತು. ಅಮ್ಮ ಆ ಮಾತಿನಲ್ಲೂ ಲಾಭ ಕಂಡಳು. ಓಲೆ ಮಾರಿ, ಹಳೆಯದೊಂದು ಕೈಮಗ್ಗವನ್ನು ಸ್ವಂತಕ್ಕೆ ತಂದಳು.

ಮನೆಗೆ ಮಗ್ಗ ಬಂದರೆ ಮೊದಲ ಲಾಳಿಯನ್ನು ಮುತ್ತೈದೆಯೇ ಓಡಿಸಬೇಕು ಎನ್ನುವುದು ನಮ್ಮ ಬೀದಿಯ ಪದ್ಧತಿ. ಅಮ್ಮ ಮನೆಮನೆಗೂ ಹೋಗಿ ಕರೆದಳು. ಕೋಸಂಬರಿ ಮಾಡಿಟ್ಟುಕೊಂಡು ಮಧ್ಯಾಹ್ನದವರೆಗೆ ಕಾದೆವು. ರಂಗಮ್ಮ ಒಬ್ಬರು ಬಂದು ಹೊಸ್ತಿಲಾಚೆಯೇ ನಿಂತರು.

“ನಿನ್ ಮನೇಲಿ ಕುಂಕುಮ ತಗೊಂಡ್ರೆ ನಮ್ಗೆ ಒಳ್ಳೇದಾಗುತ್ತೇನೇ? ಮಗ್ಗ ಮಾರ್ಬಿಟ್ಟು ಕೂಲಿಗೇ ಬಾ, ಲಕ್ಷ್ಮಿ.”

“ಹಂಗೇಳಿ ಮತ್ತೆ! ಕೂಲಿಯೋಳು ಕೈತಪ್ಪೋದ್ಲಲ್ಲಾ ಅಂತ ನಿಮ್ ಸಂಕಟ,” ಎಂದ ಅಮ್ಮ ತಾನೇ ಮಗ್ಗಕ್ಕೆ ಕೂತು ಲಾಳಿ ಓಡಿಸಿದಳು.

ಪಟ್ಟನೆ ಒಂದು ಎಳೆ ಹರಿಯಿತು.

“ನೋಡಿದ್ಯಾ? ಅಪಶಕುನ!” ಎಂದರು ರಂಗಮ್ಮ.

“ನಿಮ್ ಮಗ್ಗದಲ್ಲೂ ದಿನಾ ಹರಿಯುತ್ತಲ್ಲ ರಂಗಮ್ಮ, ಅದ್ಯಾರ್ ಶಕುನ?”

ಅಮ್ಮ ಎಳೆಗೆ ಗಂಟು ಹಾಕಿ ನೇಯ್ಗೆ ಮುಂದುವರಿಸಿದಳು. ಕೋಸಂಬರಿಯನ್ನು ನಾವೇ ತಿಂದು ಮುಗಿಸಿದೆವು.

ಈಗ ನನ್ನ ಶೆಡ್ಡಿಗೆ ಹೊಸ ಮಗ್ಗ ಬಂದಾಗಲೆಲ್ಲ ಗಂಡನನ್ನು ಕಳೆದುಕೊಂಡ ಹೆಂಗಸರೇ ಅದನ್ನು ಮೊದಲು ಓಡಿಸುತ್ತಾರೆ. ನಮ್ಮದು ಮದುವೆ ಸೀರೆಯ ವ್ಯಾಪಾರ. ಅವನ್ನುಟ್ಟು ತಾಳಿ ಕಟ್ಟಿಸಿಕೊಂಡವರೆಲ್ಲ ಮುತ್ತೈದೆಯರೇ. ಅಪಶಕುನ ಎಂದು ಸೀರೆ ವಾಪಸ್ ತಂದವರು ಇದುವರೆಗೆ ಒಬ್ಬರೂ ಇಲ್ಲ.